ಬಸವರಾಜನ ಜಾಗದಲ್ಲಿ ತಳ್ಳಿದವನು

ಗೆಳೆಯರೇ, ಇವತ್ತು ಸಂಜೆ ನಮ್ಮ ರಗ್ಬಿ ತಂಡಕ್ಕೆ ಕಾರ್ಖಾನೆಯ ಮಂಜೂರಾತಿ ಸಿಕ್ಕಿತು. ಆದರೂ ಯಾರೂ ಕುಣಿಯಲಿಲ್ಲ.

ಮೈದಾನದಲ್ಲಿ ಹದಿನೈದು ಆಟಗಾರರು ಕಂಡರೆ ಮಾತ್ರ ಚೆಂಡು, ಜೆರ್ಸಿ ಕೊಡುತ್ತೇವೆ ಎಂದು ವೆಲ್‌ಫೇರ್ ಸಾಹೇಬರು ಮೊದಲೇ ಹೇಳಿದ್ದರು. ಇವತ್ತು ಅವರು ನೋಡಲು ಬಂದಾಗ ನಾವಿದ್ದದ್ದು ಹದಿನಾಲ್ಕೇ ಜನ. ಎಂಟು ಜನ ಒಟ್ಟಾಗಿ ಎದುರಾಳಿಗಳನ್ನು ತಳ್ಳುವ ಸ್ಕ್ರಮ್‌ನಲ್ಲಿ ಎಲ್ಲರ ಹಿಂದೆ ನಿಂತು ತಳ್ಳುವ ಬಸವರಾಜ ಡ್ಯೂಟಿ ಮೇಲೆ ಉಮರೇಡ್‌ಗೆ ಹೋಗಿದ್ದ.

"ಇದ್ದಷ್ಟು ಮಂದಿ ತಳ್ಳ್ರಿ, ಮುಂದಿಂದು ಮುಂದ ನೋಡೂಣು," ಎಂದರು ನಮ್ಮ ಕೋಚ್, ಧಾರವಾಡ ಕಡೆಯ ನಿವೃತ್ತ ಸುಬೇದಾರರು.

ಸ್ಕ್ರಮ್ ಅಭ್ಯಾಸಕ್ಕೆ ನಮಗಿರುವುದು ಮೈದಾನದಂಚಿನಲ್ಲಿ ಕೆಟ್ಟು ನಿಂತ ಒಂದು ಲಾರಿ. ಎಂಟು ಜನ ತಳ್ಳಿದರೂ ಅದು ಒಂದು ದಿನವೂ ಅಲುಗಿದ್ದಿಲ್ಲ. ಇವತ್ತು ಏಳೇ ಜನ ಒಬ್ಬರನ್ನೊಬ್ಬರು ಬಿಗಿಯಾಗಿ ಹಿಡಿದು, ತಲೆ ತಗ್ಗಿಸಿ ತಳ್ಳಿದೆವು. ನನ್ನ ಹಿಂದೆ ಬಸವರಾಜನ ಖಾಲಿ ಜಾಗ. ಅಲ್ಲಿಂದ ಒಂದು ಭುಜ ನನ್ನ ಸೊಂಟಕ್ಕೆ ಒತ್ತಿತು. ನಾಗಪುರದ ಈ ಮೇ ತಿಂಗಳಲ್ಲೂ ಅದು ಮಣ್ಣಿನ ಹೂಜಿಯಂತೆ ತಣ್ಣಗಿತ್ತು. ಲಾರಿ ಕಿರ್ರೆಂದು ಮುಂದೆ ಸರಿಯಿತು.

ತಿರುಗಿ ನೋಡಿದೆ. ಯಾರೂ ಇರಲಿಲ್ಲ.

"ಬರೋಬರ್ ಪಂಧರಾ!" ಎಂದು ಸಾಹೇಬರು ಚಪ್ಪಾಳೆ ತಟ್ಟಿದರು. ಹದಿನೈದೂ ಜನ ಇದ್ದಾರೆ, ಅದರಲ್ಲೂ ಕೊನೆಯವನು ಬಹಳ ಗಟ್ಟಿಗ ಎಂದು ಹೊಗಳಿ ಹೊರಟರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕೋಚ್ ನನ್ನ ಕೈ ಹಿಸುಕಿದರು. "ಸುಮ್ನಿರೋ. ದಿಲ್ಲಿಯಾಗ ಏಷ್ಯಾಡ್ ಆಟ ಆದಾಗಿಂದ ಒಂದು ಚೆಂಡಿಗೆ ಬಡಕೊಳ್ಳಾಕತ್ತೀವಿ."

ನಾಳೆ ಬಸವರಾಜ ವಾಪಸ್ ಬರುತ್ತಾನೆ. ಅವನ ಜಾಗ ಬಿಟ್ಟುಕೊಡಪ್ಪ ಎಂದು ಆ ಇನ್ನೊಬ್ಬನಿಗೆ ಹೇಳುವ ಧೈರ್ಯ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ಮೈದಾನಕ್ಕೆ ಬನ್ನಿ. ನಾನಂತೂ ಇನ್ನು ಅವನಿಗೆ ಬೆನ್ನು ಕೊಡುವುದಿಲ್ಲ.