ಮಾಳವ್ವನ ಪಗಾರದ ಮರಿಗಳು

ಸುರಪುರದ ದನದ ದವಾಖಾನೆಯಲ್ಲಿ ನಾನು ಇಪ್ಪತ್ತೇಳು ವರ್ಷದಿಂದ ಅಟೆಂಡರ್. ದಸ್ತಗೀರಸಾಬ ಅಂದರೆ ಹುಣಸಗಿಯಿಂದ ಶಹಾಪುರದವರೆಗೆ ಕುರಿ ಇರುವವರಿಗೆಲ್ಲ ಗೊತ್ತು. ಕುರಿಗಳಿಗೂ ಗೊತ್ತು, ನನ್ನ ಲಸಿಕೆ ಡಬ್ಬಿ ಕಂಡ ಕೂಡಲೇ ಮೊದಲು ಓಡುವುದು ಅವೇ.

ನನ್ನ ಪಗಾರದ ಚೀಟಿ ನೋಡುವಂಥದ್ದು. ಮೂಲ ವೇತನ, ತುಟ್ಟಿಭತ್ಯೆ, ಮನೆ ಬಾಡಿಗೆ, ವರ್ಷಕ್ಕೊಮ್ಮೆ ವೇತನ ಬಡ್ತಿ, ಗಳಿಕೆ ರಜೆಯ ದುಡ್ಡು, ಕೊನೆಗೆ ಖಾಕಿ ಅಂಗಿ ಒಗೆಯುವುದಕ್ಕೂ ಒಂದಿಷ್ಟು ಭತ್ಯೆ. ಅಂಗಿ ಒಗೆಯುವವಳು ನನ್ನ ಹೆಂಡತಿ, ಭತ್ಯೆ ಬರುವುದು ನನ್ನ ಖಾತೆಗೆ. ಅವಳೂ ರಂಗಂಪೇಟೆಯ ಅಂಗನವಾಡಿಯಲ್ಲಿ ಸಹಾಯಕಿ. ಅವಳಿಗೆ ಕೊಡುವುದಕ್ಕೆ ಪಗಾರ ಅನ್ನುವುದಿಲ್ಲ, ಗೌರವಧನ ಅನ್ನುತ್ತಾರೆ. ಅದರ ಹಿಂದೆ ಮುಂದೆ ಬೇರೇನೂ ಇಲ್ಲ. "ಗೌರವ ನನಗಿರ್ಲಿ, ಧನ ನಿಮಗಿರ್ಲಿ" ಎಂದು ಅವಳು ಒಗೆಯುವ ಕಲ್ಲಿನ ಹತ್ತಿರ ಕುಟುಕಿದಾಗೆಲ್ಲ ನಾನು ಪೇಪರ್ ಅಡ್ಡ ಹಿಡಿಯುತ್ತೇನೆ.

ಯಾರಿಗೆ ಎಷ್ಟು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಏನು ಸಿಗುತ್ತದೆ ಎಂದು ಕೇಳುವವರು ಕಡಿಮೆ. ಹಾಗೆ ಕೇಳಿದವಳು ನಾನು ಕಂಡ ಮಟ್ಟಿಗೆ ಒಬ್ಬಳೇ, ಕುರಿ ಕಾಯುವ ಮಾಳವ್ವ. ಅವಳು ಕೇಳಿದ ದಿನ ನಾನು ಸುಮ್ಮನಿರಬೇಕಾಗಿತ್ತೋ ಏನೋ. ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ.

ಮಾಳವ್ವನ ಗಂಡ ಹಣಮೇಶ ಬಾಲಪ್ಪನ ಕುರಿ ಹಿಂಡಿಗೆ ವರ್ಷದ ಆಳಾಗಿದ್ದ. ಬಾಲಪ್ಪನದು ಮುನ್ನೂರು ಚಿಲ್ಲರೆ ಕುರಿ. ಮೂರು ಕುಟುಂಬ ಅವನ್ನು ಕಾಯುತ್ತ, ಸುಗ್ಗಿ ಮುಗಿದ ಮೇಲೆ ಕಾಲುವೆ ಕೆಳಗಿನ ಗದ್ದೆಗಳಿಗೆ ಇಳಿದು, ಒಂದೊಂದು ಹೊಲದಲ್ಲಿ ನಾಲ್ಕು ದಿನ ಕುರಿ ಸುತ್ತ ಬಲೆ ಕಟ್ಟಿ ಹಟ್ಟಿ ಹಾಕುತ್ತಿದ್ದವು. ಗಂಡಾಳಿನ ಪಗಾರ ಯುಗಾದಿಯಿಂದ ಯುಗಾದಿಗೆ: ಇಷ್ಟು ರೊಕ್ಕ, ಹೊಟ್ಟೆತುಂಬ ಊಟ, ಒಂದು ಕಂಬಳಿ, ಒಂದು ಜೊತೆ ಚಪ್ಪಲಿ, ಮತ್ತೆ ಎಂಟು ಹೆಣ್ಣು ಮರಿ. ಈ ಎಂಟು ಮರಿಯೇ ಅಸಲು. ರೊಕ್ಕ ಆ ವರ್ಷದ್ದು ಆ ವರ್ಷವೇ ಕರಗುತ್ತದೆ. ಮರಿ ಧಣಿಯ ಹಿಂಡಿನಲ್ಲೇ ಮೇಯ್ದು, ಬೆಳೆದು, ಈಯುತ್ತದೆ. ಹತ್ತು ವರ್ಷ ಬೆನ್ನು ಬಗ್ಗಿಸಿದ ಆಳು ಹನ್ನೊಂದನೆಯ ವರ್ಷ ತನ್ನದೇ ಹಿಂಡು ಹೊಡೆದುಕೊಂಡು ಹೋಗುವುದು ಹೀಗೆ. ಬಾಲಪ್ಪನ ಅಪ್ಪನೂ ಹೀಗೇ ಧಣಿಯಾದವನು.

ಹೆಂಗಸಿನ ಪಗಾರ ಬೇರೆ. ಹಟ್ಟಿಯ ಅಷ್ಟೂ ಮಂದಿಗೆ ರೊಟ್ಟಿ ಬಡಿಯುವುದು, ನೀರು ತರುವುದು, ಬಲೆ ಬಿಚ್ಚಿ ಕಟ್ಟುವುದು, ತಾಯಿ ಸತ್ತ ಮರಿಗೆ ಬಾಟಲಿ ಹಿಡಿಯುವುದು, ಇಷ್ಟಕ್ಕೆ ವರ್ಷಕ್ಕೆ ಎರಡು ಸೀರೆ, ಎರಡು ಚೀಲ ಜೋಳ. ಮರಿ ಇಲ್ಲ. ಯಾಕಿಲ್ಲ ಎಂದು ಯಾರೂ ಕೇಳಿರಲಿಲ್ಲ, ಗಂಡನ ಮರಿ ಅಂದರೆ ತನ್ನದೇ ಎಂದುಕೊಂಡಿದ್ದರು. ಮಾಳವ್ವನೂ ಎಂಟು ವರ್ಷ ಹಾಗೇ ಅಂದುಕೊಂಡಿದ್ದಳು.

ಒಂಬತ್ತನೆಯ ವರ್ಷ ಹೊಲದಲ್ಲಿ ಮಲಗಿದ್ದ ಹಣಮೇಶನಿಗೆ ಹಾವು ಕಚ್ಚಿತು. ಶಹಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು. ಹದಿಮೂರು ದಿನ ಕಳೆಯುವುದಕ್ಕೂ ತಡವಿಲ್ಲ, ಅವನ ಅಣ್ಣ ಬಸವಂತ್ರಾಯ ಹಟ್ಟಿಗೆ ಬಂದ. ಕುರಿಯವರಲ್ಲಿ ಒಂದೊಂದು ಮನೆಗೆ ಒಂದೊಂದು ಕಿವಿ ಗುರುತು. ಮರಿ ಇದ್ದಾಗಲೇ ಕಿವಿಯ ಅಂಚು ಕತ್ತರಿಸಿ ಹಾಕುವ ಆ ಗುರುತು ಅಪ್ಪನಿಂದ ಮಕ್ಕಳಿಗೆ ಬರುತ್ತದೆ. ಹಣಮೇಶನ ಮರಿಗಳ ಕಿವಿಯಲ್ಲಿದ್ದದ್ದು ಅವರ ಮನೆತನದ ಗುರುತು. ಬಸವಂತ್ರಾಯ ಕಿವಿ ನೋಡಿ ನೋಡಿ, ಸತ್ತದ್ದು ಮಾರಿದ್ದು ಕಳೆದು ಉಳಿದಿದ್ದ ಮೂವತ್ತನಾಲ್ಕು ಕುರಿ ಬೇರೆ ಮಾಡಿದ, ಹೊಡೆದುಕೊಂಡು ಹೋದ. ಅದರಲ್ಲಿ ಹತ್ತೋ ಹನ್ನೆರಡೋ ಮಾಳವ್ವನ ಬಾಟಲಿ ಹಾಲು ಕುಡಿದೇ ಬದುಕಿದ್ದವು. ಅವು ತಿರುಗಿ ತಿರುಗಿ ಇವಳ ಕಡೆ ಬರುತ್ತಿದ್ದವಂತೆ. ಅವಳಿಗೆ ಮಕ್ಕಳಿರಲಿಲ್ಲ, ತವರಿನಲ್ಲೂ ಯಾರಿರಲಿಲ್ಲ. ಹಟ್ಟಿಯೇ ಅವಳ ಊರು, ಅಲ್ಲಿನ ಹನ್ನೊಂದು ಮಂದಿಯೇ ಅವಳ ಬಳಗ.

ಅವಳು ಗಂಡನ ಬಡಿಗೆ ಹಿಡಿದು ಅವನ ಜಾಗದಲ್ಲಿ ನಿಂತಳು. ಒಂದು ವರ್ಷ ಕುರಿ ಮುಂದೆ ನಡೆದಳು, ಹಿಂದೆ ನಡೆದಳು. ಎರಡು ಸಲ ತೋಳ ಅಟ್ಟಿದಳು. ಬಂದು ರೊಟ್ಟಿಯನ್ನೂ ಬಡಿದಳು. ಆ ವರ್ಷ ಬಾಲಪ್ಪನ ಹಿಂಡಿನಲ್ಲಿ ಸತ್ತ ಮರಿ ಮೂರೇ. ಲಸಿಕೆ ಲೆಕ್ಕ ಬರೆಯುವವನು ನಾನೇ ಆದ್ದರಿಂದ ಇದು ಬಾಯಿಮಾತಲ್ಲ.

ಯುಗಾದಿಯ ಮರುದಿನ ಪಗಾರ ಹಂಚುವ ಪದ್ಧತಿ. ಧಣಿ ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ ಕೂತು ರೊಕ್ಕ ಕೊಡುತ್ತಾನೆ, ಹೊಸ ಕಂಬಳಿ ಆಳಿನ ಹೆಗಲಿಗೆ ಹಾಕುತ್ತಾನೆ. ಆಮೇಲೆ ಆಳು ಬಲೆಯೊಳಗೆ ಹೋಗಿ ತನಗೆ ಬೇಕಾದ ಮರಿಗಳನ್ನು ಬಡಿಗೆಯ ತುದಿಯಿಂದ ಮುಟ್ಟುತ್ತಾನೆ. ಮುಟ್ಟಿದ ಮರಿ ಅವನದು, ಅದಕ್ಕೆ ಧಣಿ ಇಲ್ಲ ಅನ್ನುವಂತಿಲ್ಲ. ಆ ದಿನ ಹುಣಸಗಿ ಹತ್ತಿರದ ಅವರ ಹಟ್ಟಿಯಲ್ಲಿ ನಮ್ಮ ಲಸಿಕೆಯೂ ಇತ್ತು. ಜೊತೆಗೆ ಕಿವಿಗೆ ಹಾಕುವ ಸರ್ಕಾರದ ಹಳದಿ ಬಿಲ್ಲೆಗಳ ಡಬ್ಬಿಯೂ ನನ್ನ ಹತ್ತಿರ ಇತ್ತು.

ಇಬ್ಬರು ಗಂಡಾಳುಗಳ ಸರದಿ ಮುಗಿಯಿತು. ಮಾಳವ್ವ ಮುಂದೆ ಬಂದಳು. ಬಾಲಪ್ಪ ಅವಳ ಕೈಗೆ ರೊಕ್ಕ ಕೊಟ್ಟ. ಗಂಡಾಳಿಗೆ ಕೊಟ್ಟಷ್ಟೇ ಕೊಟ್ಟ, ಮೇಲೆ ಇನ್ನೊಂದು ಕಟ್ಟು ಇಟ್ಟ.

"ಇದು ಮರಿ ಬದ್ಲಿ. ಎಂಟು ಮರಿಗಿ ಸಂತ್ಯಾಗ ಎಷ್ಟು ಬರ್ತದ, ಅದರ ಮ್ಯಾಲ ಐದು ಸಾವಿರ ಹೆಚ್ಚಿಗಿ ಹಾಕೇನಿ. ಎಣಿಸ್ಕೊ."

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ಸಲೀಸಾಗುತ್ತಿತ್ತು.

ಮಾಳವ್ವ ಆ ಕಟ್ಟನ್ನು ಕಂಬಳಿಯ ಮೇಲೆ ತಿರುಗಿ ಇಟ್ಟಳು. "ರೊಕ್ಕ ಬ್ಯಾಡ್ರಿ ಧಣಿ. ಮರಿ ಕೊಡ್ರಿ. ಎಂಟು ಬ್ಯಾಡ, ಆರು ಕೊಡ್ರಿ ಸಾಕು."

"ಹುಚ್ಚಿ ಅದಿಯೇನು? ರೊಕ್ಕ ಜಾಸ್ತಿ ಅದ."

"ರೊಕ್ಕ ಈಯಂಗಿಲ್ರಿ."

ಗಂಡಸರು ನಕ್ಕರು. ಬಾಲಪ್ಪನೂ ನಕ್ಕ, ಆದರೆ ಬೇಗ ನಿಲ್ಲಿಸಿದ. "ಮರಿ ಕೊಟ್ರ ಕಿವಿಗಿ ಯಾವ ಗುರುತು ಹಾಕ್ತಿ? ನಿನ್ನ ಗಂಡನ ಮನಿ ಗುರುತು ಹಾಕಿದ್ರ ನಾಳಿ ಬಸವಂತ್ರಾಯ ಬರ್ತಾನ. ನನ್ನ ಗುರುತು ಹಾಕಿದ್ರ ಅವು ನನ್ನವ. ಹೆಣ್ಮಗಳಿಗಿ ಗುರುತು ಎಲ್ಲಿ ಅದ?"

ಮಾತು ಅಲ್ಲಿಗೆ ಮುಗಿದಿದ್ದರೆ ಮಾಳವ್ವ ರೊಕ್ಕ ತೆಗೆದುಕೊಂಡು, ಕಣ್ಣೊರೆಸಿಕೊಂಡು, ಸಂಜೆಗೆ ಹನ್ನೊಂದು ಮಂದಿಗೆ ಹಿಟ್ಟು ಕಲಸಲು ಕೂರುತ್ತಿದ್ದಳು. ನಾನು ಬಾಯಿ ಹಾಕಿದೆ.

"ಗುರುತು ನನ್ನ ಡಬ್ಬ್ಯಾಗ ಅದ ಬಾಲಪ್ಪ. ಸರ್ಕಾರದ ಬಿಲ್ಲೆ. ಹನ್ನೆರಡು ಅಂಕಿ. ಯಾರ ಆಧಾರ್ ಕಾರ್ಡ್ ತೋರಸ್ತಾರ ಅವರ ಹೆಸರಿಗಿ ಏರ್ತದ. ಅದಕ್ಕ ಗಂಡು ಹೆಣ್ಣು ಅಂತ ಇಲ್ಲ."

ಬಾಲಪ್ಪ ನನ್ನನ್ನು ನೋಡಿದ ರೀತಿ ಇನ್ನೂ ನೆನಪಿದೆ. ಆಮೇಲೆ ಅವನು ಒಲೆಯ ಕಡೆ ನೋಡಿದ. ಅಲ್ಲಿ ಉಳಿದ ಹೆಂಗಸರು ನಿಂತಿದ್ದರು. ಮುಂದೆ ಇದ್ದವಳು ಉಮಾ, ಇನ್ನೊಬ್ಬ ಆಳಿನ ಹೆಂಡತಿ. ಒಂಬತ್ತು ವರ್ಷ ಅವಳೂ ಮಾಳವ್ವನೂ ಒಂದೇ ಒಲೆಗೆ ಎದುರುಬದುರು ಕೂತು ರೊಟ್ಟಿ ಬಡಿದವರು. ಒಬ್ಬಳು ಬಡಿದರೆ ಇನ್ನೊಬ್ಬಳು ಸುಡಬೇಕು, ಹಾಗಿದ್ದರು. ಬಾಲಪ್ಪನಿಗೆ ಅಂಜಿಕೆ ಮಾಳವ್ವನದಲ್ಲ, ಆ ಒಲೆಯದು. ಇವತ್ತು ಇವಳಿಗೆ ಆರು ಕೊಟ್ಟರೆ ನಾಳೆ ಅವರೂ ಕೇಳುತ್ತಾರೆ.

ಅವನು ನಿಧಾನವಾಗಿ ಹೇಳಿದ: "ಆತು. ಪಗಾರ ನಿಂದು, ನೀ ಕೇಳ್ದಂಗ ತಗೊ. ಆರು ಮರಿ ಮುಟ್ಟು. ಆದ್ರ ಹೆಣ್ಮಗಳ ಮರಿ ನನ್ನ ಹಿಂಡಿನ್ಯಾಗ ಮೇಯಂಗಿಲ್ಲ. ಮರಿ ಬೇಕಂದ್ರ ಮರಿ ಹೊಡ್ಕೊಂಡು ನಡಿ. ಹಟ್ಯಾಗ ಇರ್ತೀನಂದ್ರ ರೊಕ್ಕ ತಗೊಂಡು ಇರು, ಯಾರೂ ಹೋಗಂತ ಅನ್ನಂಗಿಲ್ಲ."

ಮಾಳವ್ವ ಉಮಾಳ ಕಡೆ ತಿರುಗಿದಳು. ಒಂದು ಮಾತು ಬರಲಿ ಎಂದು ಕಾಯುತ್ತಿದ್ದಳೆಂದು ನನಗೂ ತಿಳಿಯಿತು. ಉಮಾಳ ಗಂಡ ಕೆಮ್ಮಿದ. ಉಮಾ ಬಗ್ಗಿ ಒಲೆಗೆ ಕಟ್ಟಿಗೆ ಒಟ್ಟಿದಳು. ಹಿಟ್ಟಿನ್ನೂ ಕಲಸಿರಲಿಲ್ಲ, ಕಟ್ಟಿಗೆ ಒಟ್ಟುವ ಹೊತ್ತೇ ಅಲ್ಲ.

ಮಾಳವ್ವ ಬಲೆ ಎತ್ತಿ ಒಳಗೆ ಹೋದಳು. ಆರು ಮರಿ ಮುಟ್ಟಿದಳು. ಗಟ್ಟಿ ಮರಿಗಳನ್ನೇ ಮುಟ್ಟಿದಳು, ಅವಳ ಕಣ್ಣು ಕುರಿಗಾರರ ಕಣ್ಣು. ನಾನು ಇಕ್ಕಳ ಒತ್ತಿ ಆರಕ್ಕೂ ಬಿಲ್ಲೆ ಹಾಕಿದೆ. ಮಾಲೀಕರ ಹೆಸರು ಎಂಬಲ್ಲಿ ಅವಳ ಹೆಸರು ಬರೆಯುವಾಗ ನನ್ನ ಎದೆ ಉಬ್ಬಿತ್ತೆಂದು ಸುಳ್ಳು ಹೇಳದೆ ಒಪ್ಪಿಕೊಳ್ಳುತ್ತೇನೆ. ಗೆದ್ದವನು ನಾನೇ ಎಂಬಂತೆ ಜೀಪು ಹತ್ತಿದೆ. ತಿರುಗಿ ನೋಡಿದರೆ ಅವಳು ಕಾಲುವೆ ದಂಡೆ ಹಿಡಿದು ಆರು ಮರಿಗಳ ಹಿಂದೆ ಹೋಗುತ್ತಿದ್ದಳು. ಹೆಗಲ ಮೇಲೆ ಹೊಸ ಕಂಬಳಿ ಇರಲಿಲ್ಲ. ಆ ಗದ್ದಲದಲ್ಲಿ ಬಾಲಪ್ಪ ಹಾಕುವುದನ್ನು ಮರೆತಿದ್ದ, ಅವಳೂ ಕೇಳಿರಲಿಲ್ಲ.

ಆರು ಕುರಿ ಅಂದರೆ ಹಿಂಡಲ್ಲ. ಮುನ್ನೂರರ ನಡುವೆ ಬೆಳೆದವು ಆರೇ ಆದಾಗ ದಿಗಿಲುಬಿದ್ದು ಅರಚುತ್ತವೆ, ಮೇವಿಗೆ ಬಾಯಿ ಹಾಕುವುದಿಲ್ಲ. ಅವಳು ಇನ್ನೆರಡು ಹಟ್ಟಿಗಳಿಗೆ ಹೋಗಿ ಕೇಳಿದಳು. ಒಂಟಿ ಹೆಂಗಸು, ಮೇಲೆ ಸ್ವಂತ ಕುರಿ ಬೇರೆ, ಬೇಡವೇ ಬೇಡ ಅಂದರು. ಬರೀ ಹೆಂಗಸಾಗಿದ್ದರೆ ರೊಟ್ಟಿಗೆ ಇಟ್ಟುಕೊಳ್ಳುತ್ತಿದ್ದರು. ಕೊನೆಗೆ ರಂಗಂಪೇಟೆಯಾಚೆ, ಗುಡ್ಡದ ಬುಡದಲ್ಲಿ ಒಂದು ತಗಡಿನ ಗುಡಿಸಲು ಹಿಡಿದಳು. ಬೆಳಗ್ಗೆ ಹತ್ತಿ ಹೊಲದಲ್ಲಿ ಕಳೆ ಕೂಲಿ, ಮಧ್ಯಾಹ್ನದಿಂದ ಗುಡ್ಡದ ಮೇಲೆ ಕುರಿ. ಹೊಲದ ಹೆಂಗಸರಿಗೆ ಅವಳು ಕುರಿಯಾಕೆ, ಕುರಿಯವರಿಗೆ ಅವಳು ಹಟ್ಟಿ ಬಿಟ್ಟವಳು.

ದಾರಿಯಲ್ಲಿ ಸಿಕ್ಕಾಗ ನಾನು "ಹ್ಯಾಂಗ ಅದಾವ ನಿನ್ನ ಮರಿ?" ಅನ್ನುತ್ತಿದ್ದೆ. ಅವಳು ಒಂದೊಂದರ ಸುದ್ದಿಯನ್ನೂ ನಿಲ್ಲದೆ ಹೇಳುತ್ತಿದ್ದಳು, ಮಾತು ಕೂಡಿಟ್ಟುಕೊಂಡು ಕಾದಿರುತ್ತಿದ್ದಳು. ನೀನು ಹೇಗಿದ್ದೀ ಎಂದು ಕೇಳಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಹಟ್ಟಿಯಿಂದ ಅವಳನ್ನು ಹೊರಗೆ ಹಾಕಿದ್ದು ಬಾಲಪ್ಪನ ಮಾತೋ ನನ್ನ ಬಿಲ್ಲೆಯೋ ಎಂಬ ಲೆಕ್ಕ ನನಗಿನ್ನೂ ಹರಿದಿಲ್ಲ. ಅವಳಿಗೆ ಕೊಟ್ಟ ಸಲಹೆಗೆ ನಾನು ತೆತ್ತದ್ದು ಏನೂ ಇರಲಿಲ್ಲ. ತಿಂಗಳ ಒಂದನೇ ತಾರೀಖಿಗೆ ನನ್ನ ಪಗಾರ ಖಾತೆಗೆ ಬಿದ್ದೇ ಬೀಳುತ್ತಿತ್ತು.

ಮರುವರ್ಷ ಆಷಾಢದಲ್ಲಿ, ಒಂದು ಮಧ್ಯಾಹ್ನ ಮೂರರ ಹೊತ್ತಿಗೆ, ಮಾಳವ್ವ ದವಾಖಾನೆಗೆ ಬಂದಳು. ಕೈಯಲ್ಲಿ ಸೆರಗು ಮುಚ್ಚಿದ ಸಣ್ಣ ಸ್ಟೀಲ್ ಡಬ್ಬಿ. ಕಾಲು ಮೊಣಕಾಲಿನವರೆಗೆ ಕೆಸರು. ಕುರಿಗೆ ಏನಾಯಿತೋ ಎಂದು ಎದ್ದೆ.

"ಏನಿಲ್ರಿ ಸಾಬ್ರ. ದೊಡ್ಡದು ಮೊನ್ನಿ ಈದದ. ಹೆಣ್ಣು ಮರಿ. ಗಿಣ್ಣ ಮಾಡೇನಿ."

ಕುರಿಯವರಲ್ಲಿ ಮೊದಲ ಸಲ ಈದ ಕುರಿಯ ಗಿಣ್ಣವನ್ನು ಒಡೆಯ ಒಬ್ಬನೇ ತಿನ್ನುವ ಹಾಗಿಲ್ಲ. ಹಟ್ಟಿಯಲ್ಲಿರುವ ಎಲ್ಲರ ಬಾಯಿಗೂ ಒಂದೊಂದು ಚೂರಾದರೂ ಬೀಳಬೇಕು. ಆಗಲೇ ಹಿಂಡು ಹೆಚ್ಚುತ್ತದೆ ಎನ್ನುತ್ತಾರೆ.

"ಹಟ್ಟಿಗಿ ಹೋಗಿದ್ದೆ" ಎಂದಳು. ಬೆಳಗಿನ ಬಸ್ಸಿಗೆ ಹುಣಸಗಿಗೆ ಹೋಗಿ, ಅಲ್ಲಿಂದ ಮಳೆಯಲ್ಲಿ ಎರಡು ಹರದಾರಿ ನಡೆದು, ಬಾಲಪ್ಪನ ಹಟ್ಟಿ ಹುಡುಕಿದ್ದಳು.

"ಯಾರರ ಮಾತಾಡ್ಸಿದ್ರೇನು?"

"ಗಂಡಸರು ಕುರಿ ಕೂಡ ಹೋಗಿದ್ರು. ಉಮಾ ಒಬ್ಬಾಕೀನೆ ಇದ್ಲು. ಡಬ್ಬಿ ನೋಡಿದ್ಲು, ಅತ್ತಿತ್ತ ನೋಡಿದ್ಲು. ಬಲೆಯ ಹಿಂದ ಕುಂತು ಒಂದು ಚೂರು ತಿಂದ್ಲು. ಕಣ್ಣಾಗ ನೀರು ತಂದ್ಲು. ಬಾಯಿ ತೊಳ್ಕೊಂಡ್ಲು. ಇನ್ನೊಮ್ಮಿ ಬರಬ್ಯಾಡ ಮಾಳಿ, ನನ್ನ ಗಂಡ ಬಡೀತಾನ ಅಂದ್ಲು." ಅವಳೇ ಸೇರಿಸಿದಳು: "ಪಾಪ, ಅಕಿದೇನು ತಪ್ಪಿಲ್ರಿ."

ನಾನು ಅಲ್ಲಿದ್ದ ಕುರ್ಚಿ ಎಳೆದು ಅವಳಿಗೆ ಕೊಟ್ಟೆ. ಅವಳು ಕುರ್ಚಿಯಲ್ಲಿ ಕೂರಲಿಲ್ಲ, ಕಟ್ಟೆಯ ಮೇಲೆ ಕೂತಳು. ಒಂದು ವರ್ಷದಿಂದ ಕೇಳದೆ ಉಳಿಸಿಕೊಂಡಿದ್ದನ್ನು ಅವತ್ತು ಕೇಳಿಬಿಟ್ಟೆ.

"ಮಾಳವ್ವ, ಅವತ್ತು ನಾ ನಡುವ ಬಾಯಿ ಹಾಕ್ಲಿಲ್ಲಂದ್ರ ನೀ ಹಟ್ಯಾಗೇ ಇರ್ತಿದ್ದಿ. ನನ್ನ ಮ್ಯಾಲ ಸಿಟ್ಟದ ಏನು?"

ಅವಳು ಡಬ್ಬಿಯ ಮುಚ್ಚಳ ತೆಗೆಯುತ್ತ ಯೋಚಿಸಿದಳು. ಸಮಾಧಾನ ಹೇಳಬೇಕೆಂದು ಹೇಳುವ ಹೆಂಗಸಲ್ಲ ಅವಳು.

"ಮರಿ ಬೇಕಾಗಿತ್ರಿ. ಈಗೂ ಬೇಕು, ಬಿಡಂಗಿಲ್ಲ. ಆದ್ರ ಕೈಗಿ ತಿಳಿವಲ್ದ್ರಿ. ಹಿಟ್ಟಿಗಿ ಕೈ ಹಾಕಿದ್ರ ಇನ್ನಾ ಹನ್ನೊಂದು ಮಂದಿದೇ ಬರ್ತದ. ಆ ಮ್ಯಾಲ ಹೆಚ್ಚಿಂದು ತಿರುಗಿ ಹಿಟ್ಟಿನ ಡಬ್ಬಿಗಿ ಹಾಕ್ತೀನಿ."

ಡಬ್ಬಿಯನ್ನು ನನ್ನ ಮುಂದೆ ಸರಿಸಿದಳು. ಬೆಲ್ಲ ಹಾಕಿ, ಏಲಕ್ಕಿ ಕುಟ್ಟಿ ಹಾಕಿ ಮಾಡಿದ ಗಿಣ್ಣ. ಒಂದು ಮೂಲೆಯಲ್ಲಿ ಮಾತ್ರ ಉಮಾ ಕಿತ್ತ ಗುರುತು. ನಾನು ಒಂದು ಚೂರು ಬಾಯಿಗೆ ಹಾಕಿಕೊಂಡೆ, ಚೆನ್ನಾಗಿದೆ ಎಂದೆ, ಉಳಿದದ್ದನ್ನು ಮನೆಗೆ ಒಯ್ಯುತ್ತೇನೆ ಎಂದು ಮುಚ್ಚಳ ಹಾಕಲು ಹೋದೆ. ಅವಳು ಮುಚ್ಚಳದ ಮೇಲೆ ಕೈಯಿಟ್ಟಳು.

"ಇಲ್ಲೇ ತಿನ್ರಿ ಸಾಬ್ರ. ನಾ ಮಾಡಿದ್ದು ಒಬ್ರು ತಿನ್ನೋದು ನೋಡಿ ವರ್ಷ ಆಗಿ ಹೋತು."

ಡಾಕ್ಟರು ನನಗೆ ಸಕ್ಕರೆ ಕಾಯಿಲೆ ಎಂದು ಬೆಲ್ಲ ಬಿಡಿಸಿ ಎರಡು ವರ್ಷವಾಗಿತ್ತು. ಅವಳು ನೋಡುತ್ತ ಕೂತಿದ್ದಳು. ನಾನು ಡಬ್ಬಿ ಖಾಲಿಯಾಗುವವರೆಗೆ ತಿಂದೆ.