ದೀಪ ಆರಿದವರೇ ಮೊದಲು

ನಿನ್ನೆ ಮನೆಗೊಂದು ಹೊಸ ಬಲ್ಬು ಬಂತು. ಹೋಲ್ಡರಿಗೆ ಹಾಕಿದರೆ ಹತ್ತುತ್ತದೆ ಎಂದು ನಂಬಿದ ಕಾಲದವಳು ನಾನು. ಅದು ಮೊದಲು ಫೋನಿಗೆ ಆ್ಯಪ್ ಇಳಿಸಿಕೋ ಎಂದಿತು, ಆಮೇಲೆ ನನ್ನ ಹುಟ್ಟಿದ ದಿನ ಕೇಳಿತು. ಬಲ್ಬಿಗೆ ನನ್ನ ವಯಸ್ಸೇಕೆ ಬೇಕು, ನೀವೇ ಹೇಳಿ. ಸಿಟ್ಟು ಬರಬೇಕಿತ್ತು, ಬಂದದ್ದು ನಗು. ಹುಮನಾಬಾದಿನ ನಮ್ಮ ಪುಟ್ಟ ಅಂಗಡಿ ನೆನಪಾಯಿತು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಡಿಪ್ಲೊಮಾ ಗೆಳತಿ ಶಕುಂತಲಾ ಮತ್ತು ನಾನು ಸೇರಿ ಸುತ್ತಲಿನ ರಾಸಾಯನಿಕ ಕಾರ್ಖಾನೆಗಳ ಕಂಟ್ರೋಲ್ ಬೋರ್ಡು ರಿಪೇರಿಗೆ ಕೂತಿದ್ದೆವು. ಅವಳು ಬೋರ್ಡನ್ನು ಮೂಸಿಯೇ ಯಾವ ಕಾರ್ಖಾನೆಯದೆಂದು ಹೇಳುತ್ತಿದ್ದಳು. ನನ್ನ ಮೂಗಿಗೆ ಎಲ್ಲವೂ ಕೊಳೆತ ಮೊಟ್ಟೆ.

ಒಂದು ದಿನ ಬಸವಕಲ್ಯಾಣದ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ನೀಲಮ್ಮನವರು ಬಂದರು. “ಹೋದ ವರ್ಷ ರಸಪ್ರಶ್ನೆದಾಗ ಹುಲಸೂರ ಹುಡುಗೇರು, ನಾರಾಯಣಪುರದ ಹುಡುಗ್ರು ನಾವೇ ಮೊದಲ ಕೈ ಎತ್ತೀವಿ ಅಂತ ಜಗಳ ತೆಗೆದ್ರು. ಬಹುಮಾನ ಹಂಗೇ ಉಳೀತು. ಈ ಸಲನೂ ಜಗಳಾದ್ರ ಸ್ಪರ್ಧೆನೇ ಬಂದ್ ಮಾಡ್ತಾರಂತ. ಯಾರು ಮೊದಲ ಗುಂಡಿ ಒತ್ತಿದ್ರು ಅಂತ ತೋರ್ಸೋ ಪೆಟ್ಟಿಗಿ ಮಾಡಿ ಕೊಡ್ರಿ.”

ಪೆಟ್ಟಿಗೆಯೊಳಗೆ ಕೂರುವ ಎಲೆಕ್ಟ್ರಾನಿಕ್ ಚಿಪ್ಪಿಗೆ ಕಲಿಸಬೇಕಾದದ್ದು ಒಂದೇ ಮಾತು: ಮೊದಲು ಒತ್ತಿದವರ ದೀಪ ಹತ್ತಲಿ, ಹತ್ತಿದ ಮೇಲೆ ಉಳಿದವರದು ಹತ್ತದಿರಲಿ. ಚಿಪ್ಪು ಹುಣಸೆಬೀಜಕ್ಕಿಂತ ತುಸು ದೊಡ್ಡದು. ಅದಕ್ಕೆ ಪಾಠ ಹೇಳುವ ಸಾಫ್ಟ್‌ವೇರ್ ಮಾತ್ರ ಸೀಡಿಗಳ ಗೋಪುರ. ಅರ್ಧ ಇಳಿಯುವಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಪೂರ್ತಿ ಇಳಿದ ಮೇಲೆ ಲೈಸೆನ್ಸ್ ಕೇಳಿತು, ಯೋಜನೆಯ ಹೆಸರು ಕೇಳಿತು, ಕಿಟಕಿಯೊಳಗೆ ಕಿಟಕಿ ತೆರೆಯಿತು. ನಮ್ಮ ಒಂದು ಮಾತನ್ನು ಬರೆಯುವ ಜಾಗವನ್ನು ಹುಡುಕಿ ಹುಡುಕಿ ಕೊನೆಗೂ ಬರೆದರೆ, ಪುಟಗಟ್ಟಲೆ ಎಚ್ಚರಿಕೆ ಕೊಟ್ಟು, ಈ ಚಿಪ್ಪು ಬಹಳ ಹಳೆಯದು, ನನಗೆ ಗೊತ್ತಿಲ್ಲ ಎಂದಿತು.

“ಇದರ ಕೈಕಾಲು ಹಿಡಿಯೋದ್ಯಾಕ? ಚಿಪ್ಪಿನ ಕೂಡ ನಾವೇ ಮಾತಾಡೂಣು” ಎಂದಳು ಶಕುಂತಲಾ. ತಯಾರಕರ ಪುಸ್ತಕದಲ್ಲಿ ಚಿಪ್ಪಿನ ಹೊಟ್ಟೆಯ ನಕ್ಷೆ ಇತ್ತು. ತಂತಿ ಕೂಡಬೇಕಾದಲ್ಲಿ ಸೊನ್ನೆ, ಬೇಡವಾದಲ್ಲಿ ಒಂದು. ಅವಳು ನಕ್ಷೆ ನೋಡಿ ಹೇಳುತ್ತ ಹೋದಳು, ನಾನು ಟೈಪು ಮಾಡುತ್ತ ಹೋದೆ. ಒಂದು, ಒಂದು, ಸೊನ್ನೆ, ಒಂದು.

ಪಕ್ಕದ ಬಟ್ಟೆ ಅಂಗಡಿಯವರು ಇಣುಕಿದರು. “ಯಾವ ಮಂತ್ರರೀ ಅದು? ನಮ್ಮ ಗಿರಾಕಿ ಸೀರಿ ಬಿಟ್ಟು ನಿಮ್ಮದೇ ಕೇಳಾಕತ್ತಾರ.”

“ದೀಪಾ ಹತ್ತೋ ಮಂತ್ರರಿ!” ಎಂದಳು ಶಕುಂತಲಾ.

ಆ ಸೊನ್ನೆ ಒಂದುಗಳನ್ನು ಚಿಪ್ಪು ತಕರಾರಿಲ್ಲದೆ ನುಂಗಿತು. ಗುಂಡಿ ಒತ್ತಿದಾಗ, ದೀಪದ ಬದಲು ಹಚ್ಚಿದ್ದ ಮೀಟರಿನ ಮುಳ್ಳು ಜಿಗಿಯಿತು, ನಾವೂ ಜಿಗಿದೆವು. ಮುಳ್ಳು ಯಾವ ಕಡೆ ಜಿಗಿಯಿತೆಂದು ಇಬ್ಬರೂ ನೋಡಲಿಲ್ಲ.

ಅದು ಗೊತ್ತಾದದ್ದು ಸ್ಪರ್ಧೆಯ ದಿನ, ಶಾಲೆಯ ಮೇಜುಗಳ ಮೇಲಿನ ದೀಪಗಳಿಗೆ ತಂತಿ ಜೋಡಿಸಿದಾಗ. ಸ್ವಿಚ್ ಹಾಕುತ್ತಲೇ ಎಲ್ಲ ದೀಪಗಳೂ ಒಟ್ಟಿಗೆ ಹತ್ತಿಕೊಂಡವು. ಗುಂಡಿ ಒತ್ತಿದರೆ ಒತ್ತಿದವರದು ಆರಿತು. ಸಭಾಂಗಣ ತುಂಬಿತ್ತು, ಅತಿಥಿಗಳು ಕೂತಾಗಿತ್ತು.

“ಅರ್ಧಾ ತಾಸು ಕೊಟ್ರ ತಂತಿ ಬದಲಿ ಮಾಡ್ತೀವ್ರಿ” ಎಂದಳು ಶಕುಂತಲಾ.

ನೀಲಮ್ಮನವರು ಒಂದು ಗಳಿಗೆ ಪೆಟ್ಟಿಗೆಯನ್ನು ನೋಡಿದರು. “ಒಬ್ಬರದೇ ಆರ್ತದಲ್ಲ? ಮೊದಲ ಒತ್ತಿದವರದೇ?”

“ಅದು ಬರಾಬರ್ ಅದರಿ” ಎಂದಳು ಶಕುಂತಲಾ.

ಅವರು ಮೈಕು ಹಿಡಿದರು. “ಮಕ್ಕಳೇ, ಕೇಳ್ರಿ. ಇವತ್ತು ಯಾರ ದೀಪಾ ಆರ್ತದ, ಅವರೇ ಮೊದಲ!”

ಕೊನೆಯ ಪ್ರಶ್ನೆಗೆ ಹುಲಸೂರು, ನಾರಾಯಣಪುರ ಸಮಸಮ. ಪ್ರಶ್ನೆ ಮುಗಿಯುತ್ತಲೇ ಹುಲಸೂರಿನ ಹುಡುಗಿಯೊಬ್ಬಳು ಕುರ್ಚಿಯಿಂದ ಹಾರಿದಳು. “ಟೀಚರ್, ನಮ್ಮ ದೀಪಾ ಆರ್ತ್ರೀ!” ದೀಪ ಆರಿದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ನಾರಾಯಣಪುರದ ಹುಡುಗರು ಉರಿಯುತ್ತಿದ್ದ ತಮ್ಮ ದೀಪವನ್ನು ದುರುಗುಟ್ಟಿ ನೋಡಿದರು. ಉತ್ತರ ಸರಿಯಾದಾಗ ಎಲ್ಲರಿಗಿಂತ ಜೋರಾಗಿ ಅವರೇ ಚಪ್ಪಾಳೆ ತಟ್ಟಿದರು.

ಇಷ್ಟೆಲ್ಲ ನೆನೆದ ಮೇಲೆ ಸುಮ್ಮನಿರಲಾಗಲಿಲ್ಲ, ಇನ್ನೂ ಹುಮನಾಬಾದಿನಲ್ಲೇ ಇರುವ ಶಕುಂತಲಾಗೆ ಫೋನು ಹಚ್ಚಿದೆ. ವರ್ಷದ ಮೇಲಾಗಿತ್ತು ಮಾತಾಡಿ. ಹೇಗಿದ್ದೀ ಎನ್ನುವುದಕ್ಕೂ ಬಿಡದೆ, “ಖಾಲಿ ಕೂತೀಯೇನ? ನಮ್ಮ ಓಣಿ ನೀರಿನ ಟ್ಯಾಂಕಿಗೆ, ತುಂಬಿದ ಕೂಡ್ಲೇ ಹೊಡಿಯೋ ಒಂದು ಗಂಟಿ ಮಾಡಬೇಕಾಗೇದ. ಒಬ್ಬಾಕಿನೇ ಮಾಡಾಕ ಬ್ಯಾಸರ, ಬಾ” ಎಂದಳು.

ಕನ್ನಡಕ ಒರೆಸಿಟ್ಟುಕೊಂಡಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಹುಮನಾಬಾದಿಗೆ ಹೊರಡುತ್ತೇನೆ.