ಅಶರೀರವಾಣಿ ಶೇಷಪ್ಪ

ಕೊಟ್ಟಿಗೆಹಾರದ ನಮ್ಮ ಕಲಾ ಸಂಘದ ನಾಟಕಕ್ಕೆ ಬಂದವರೆಲ್ಲ ಶೇಷಪ್ಪನನ್ನು ಕೇಳಿದ್ದಾರೆ, ಒಬ್ಬರೂ ನೋಡಿರಲಿಲ್ಲ. ಗುಡುಗು ಅವನದು, ಹುಲಿಯ ಗರ್ಜನೆ ಅವನದು, ಯುದ್ಧದಲ್ಲಿ ಹೋ ಎಂದು ನುಗ್ಗುವ ಇಡೀ ಸೈನ್ಯ ಅವನೊಬ್ಬನೇ. ಆಕಾಶದಿಂದ ದೇವರು ಮಾತಾಡಬೇಕಾದರೆ ಪರದೆಯ ಹಿಂದೆ ಸ್ಟೂಲು ಹತ್ತಿ ಅಶರೀರವಾಣಿ ನುಡಿಯುವವನೂ ಅವನೇ. ಅವನಿಗೆ ಮೈಕು ಕೊಡುವುದಿಲ್ಲ. ಒಮ್ಮೆ ಕೊಟ್ಟು ನೋಡಿದ್ದೆವು, ಮುಂದಿನ ಸಾಲಿನ ಮಗುವೊಂದು ಬೆಚ್ಚಿಬಿದ್ದು ಅಳತೊಡಗಿದ್ದು ನಾಟಕ ಮುಗಿದರೂ ನಿಲ್ಲಿಸಲಿಲ್ಲ.

ಗಂಟಲು ಹಾಗಾಗಿದ್ದು ಕೆಲಸದಿಂದ. ಅವನು ನಮ್ಮ ಕಾರ್ಯದರ್ಶಿ ರಂಗನಾಥಗೌಡನ ಎಸ್ಟೇಟಿನ ಮೇಸ್ತ್ರಿ. ಆಳುಗಳು ಗುಡ್ಡದ ಆ ಮಗ್ಗುಲಲ್ಲಿ ಕಾಫಿ ಕೊಯ್ಯುತ್ತಿದ್ದರೆ ಇವನು ಈ ಮಗ್ಗುಲಲ್ಲಿ ನಿಂತು ಊಟಕ್ಕೆ ಕೂಗು ಹಾಕುತ್ತಾನೆ. ಪಕ್ಕದ ಎಸ್ಟೇಟಿನವರೂ ಬುತ್ತಿ ಬಿಚ್ಚಿಕೊಂಡು ಕೂತುಬಿಡುತ್ತಾರೆ. ತಮಾಷೆಗೆ ಹೇಳುತ್ತಿಲ್ಲ, ಅಲ್ಲಿನ ಲೆಕ್ಕ ಬರೆಯುವ ರೈಟರ್ ಬಂದು ಜಗಳವಾಡಿ ಹೋಗಿದ್ದಾನೆ.

ನಾನು ಗಿರಿಜಾಂಬಾ. ಹೈಸ್ಕೂಲಿನಲ್ಲಿ ಕನ್ನಡ ಟೀಚರಾಗಿದ್ದು ನಿವೃತ್ತಳಾದವಳು, ಸಂಘದ ನಾಟಕಗಳನ್ನು ಬರೆದು ಆಡಿಸುವವಳು. ನನಗೆ ಮೂಗಿನ ತುದಿಯಲ್ಲಿ ಸಿಟ್ಟು ಎಂದು ಊರವರು ಹೇಳುತ್ತಾರೆ. ಈ ಊರವರಿಂದ ಒಂದು ನಾಟಕ ಆಡಿಸಿ ನೋಡಿ, ಆಮೇಲೆ ನಿಮ್ಮ ಸಿಟ್ಟು ಎಲ್ಲಿರುತ್ತದೆ ಹೇಳಿ.

ಹೋದ ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಶೇಷಪ್ಪ ನಮ್ಮ ಮನೆಗೆ ಬಂದ. ಕಾಫಿ ಕುಡಿದು ಲೋಟ ಕೆಳಗಿಟ್ಟ, ಖಾಲಿ ಲೋಟವನ್ನೇ ಮತ್ತೆ ಎತ್ತಿಕೊಂಡ.

"ಈ ಸಲ ನಂಗೆ ರಾಜನ ಪಾರ್ಟು ಕೊಡಿ ಟೀಚರಮ್ಮ. ಮಗಳನ್ನ ಗಂಡನ ಮನೆಗೆ ಕಳ್ಸ್ತಾನಲ್ಲ, ಆ ರಾಜ."

ನನಗೆ ನಗು ತಡೆಯಲಾಗಲಿಲ್ಲ. ನಾನು ಬರೆದಿದ್ದ ಆ ರಾಜ ತೀರಾ ಮೆತ್ತಗಿನ ಮನುಷ್ಯ. "ನೀನು 'ಹೋಗಿ ಬಾ ಮಗಳೇ' ಅಂತ ಕೂಗಿದ್ರೆ ಅವಳು ಹೆದರಿ ಚಾರ್ಮಾಡಿ ಘಾಟಿ ಇಳಿದು ಓಡ್ತಾಳೆ, ಮಾರಾಯ" ಎಂದೆ.

ಅವನು ನಗಲಿಲ್ಲ. "ಅರುಣಾ ನಾಟಕಕ್ಕೆ ಬರ್ತಾಳಂತೆ. ಅವಳ ಎದುರಿಗೆ ಒಂದ್ಸಲ ಹೇಳ್ಬೇಕು" ಎಂದ.

ನನ್ನ ನಗು ಅಲ್ಲೇ ನಿಂತಿತು. ಅರುಣಾ ಅವನ ಒಬ್ಬಳೇ ಮಗಳು, ನನ್ನ ಕೈಯಲ್ಲೇ ಓದಿದವಳು. ಅದರ ಹಿಂದಿನ ವರ್ಷ ಮದುವೆಯಾಗಿ ಕಳಸದ ಕಡೆ ಹೋದಳು. ಹೆಣ್ಣು ಒಪ್ಪಿಸಿಕೊಡುವ ಹೊತ್ತಿಗೆ ಅಪ್ಪ ಎಲ್ಲೂ ಇಲ್ಲ. ಹುಡುಕಿದರೆ ದಿಬ್ಬಣದ ಜೀಪಿನ ಹಿಂದೆ ನಿಂತಿದ್ದಾನೆ! ಹೆಂಡತಿ ಮುತ್ತಮ್ಮ ಕರೆದಳು, ನಾನು ಬೈದೆ, ಆಸಾಮಿ ಮುಂದೆ ಬರಲಿಲ್ಲ. ಮಗಳು ಅಳುತ್ತಾ ಜೀಪು ಹತ್ತಿ ಹೋದಳು. ಆಮೇಲೆ ಫೋನು ಮಾಡಿದಾಗಲೆಲ್ಲ ಅಪ್ಪ ಎತ್ತಿದರೆ ಅವಳದು ಒಂದೇ ಮಾತು, ಅಮ್ಮನಿಗೆ ಕೊಡಿ.

ಮುತ್ತಮ್ಮನೂ ಬಿಡಲಿಲ್ಲ. "ಮೂರು ಎಸ್ಟೇಟಿಗೆ ಕೇಳೋ ಗಂಟಲು. ಹೆತ್ತ ಮಗಳಿಗೆ ಒಂದು ಮಾತು ಹೊರಡ್ಲಿಲ್ಲ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಳು.

ಪಾರ್ಟು ಕೊಟ್ಟೆ. ಆದರೆ ಮೆತ್ತಗೆ ಮಾತಾಡಬೇಕು ಎಂದು ಕಟ್ಟಪ್ಪಣೆ ಮಾಡಿದೆ. ಪಾಪ, ಎಷ್ಟು ಒದ್ದಾಡಿದ! ಬೆಳಿಗ್ಗೆ ಹಾಲು ಕರೆಯುವಾಗ ಹಸುವಿನ ಮುಂದೆ ಅಭ್ಯಾಸ ಮಾಡುತ್ತಿದ್ದ. ಮೊದಮೊದಲು ಅದು ಹಗ್ಗ ಕಿತ್ತುಕೊಂಡು ಹೋಗುತ್ತಿತ್ತಂತೆ, ಬರುಬರುತ್ತಾ ನಿಂತು ಮೆಲುಕು ಹಾಕತೊಡಗಿತು. ಒಂದು ದಿನ ಮುತ್ತಮ್ಮ ದೂರು ಹೊತ್ತು ಬಂದಳು.

"ನಮ್ಮೋರಿಗೆ ಏನ್ ಮಾಡಿದ್ರಿ ಟೀಚರಮ್ಮ? ಉಪ್ಪು ಬೇಕಾದ್ರೂ ಕಿವಿ ಹತ್ರ ಬಂದು ಕೇಳ್ತಾರೆ. ಮೇಸ್ತ್ರಿಗೆ ಹುಷಾರಿಲ್ವಾ ಅಂತ ಆಳುಗಳೆಲ್ಲ ಕೇಳ್ತಿದಾರೆ."

ಕಾಫಿ ಕೊಯ್ಲು ಮುಗಿದು ಮಳೆಗಾಲ ಹಿಡಿಯುವುದರೊಳಗೆ ನಮ್ಮ ನಾಟಕ ಆಗಬೇಕು. ಆಗಲೇ ಜನರಿಗೆ ಬಿಡುವು. ಆದರೆ ಹೂಮಳೆಗೂ ಅದೇ ಕಾಲ. ಆ ಒಂದು ಮಳೆ ಬಿದ್ದರೆ ಕಾಫಿ ಗಿಡದ ಮೊಗ್ಗು ಅರಳುತ್ತದೆ, ಬೀಳದಿದ್ದರೆ ಬರುವ ವರ್ಷದ ಫಸಲಿಗೆ ಎಳ್ಳುನೀರು. ಊರಿಗೆ ಊರೇ ಮಳೆ ಬರಲಿ ಎಂದು ದೇವರಿಗೆ ಕಾಯಿ ಒಡೆಸುತ್ತಿದ್ದರೆ, ಈ ಭಾನುವಾರ ಒಂದು ಕಳೆಯಲಪ್ಪಾ ಎಂದು ಬೇಡಿಕೊಂಡವಳು ನಾನೊಬ್ಬಳೇ. ದೇವರು ಯಾರ ಮಾತು ಕೇಳಬೇಕೋ ಅವರ ಮಾತನ್ನೇ ಕೇಳಿದ.

ನಾಟಕದ ಆ ಭಾನುವಾರ ಮಧ್ಯಾಹ್ನ ಶೀಟು ಹೊದಿಸಿದ ನಮ್ಮ ಸಮುದಾಯ ಭವನ ತುಂಬಿಹೋಗಿತ್ತು. ಮುಂದಿನ ಸಾಲಿನಲ್ಲಿ ಮುತ್ತಮ್ಮ, ಪಕ್ಕದಲ್ಲಿ ಅರುಣಾ. ಅರುಣಾಳ ಮುಖ ಬಿಗಿದೇ ಇತ್ತು. ಮಗಳನ್ನು ಬೀಳ್ಕೊಡುವ ದೃಶ್ಯಕ್ಕೆ ಶೇಷಪ್ಪ ಕಿರೀಟ ಇಟ್ಟುಕೊಂಡು ಬಂದ. "ಅಯ್ಯೋ, ಇದು ನಮ್ಮ ಶೇಷಪ್ಪ ಅಲ್ವೇನೋ!" ಎಂದು ಜನ ಚಪ್ಪಾಳೆ ತಟ್ಟಿದರು. ರಾಜಕುಮಾರಿ ಪಾರ್ಟಿನ ದೀಪಶ್ರೀ, ನಮ್ಮ ಸೊಸೈಟಿಯ ಗುಮಾಸ್ತೆ, ಬಂದು ಅವನ ಕಾಲಿಗೆರಗಿದಳು. ಅವನು "ಮಗಳೇ" ಎಂದ. ಎಷ್ಟು ಮೆತ್ತಗೆ ಎಂದರೆ ನನಗೇ ನಂಬಿಕೆ ಬರಲಿಲ್ಲ.

ಅಷ್ಟರಲ್ಲಿ ಶೀಟಿನ ಮೇಲೆ ಟಪ್ ಎಂದಿತು. ಇನ್ನೊಂದು ಟಪ್. ಆಮೇಲೆ ಧೋ ಎಂದು ಒಂದೇ ಸಮ ಸುರಿಯಿತು. ಮೊದಲ ಮಳೆಗೆ ಕರೆಂಟು ಹೋಗುವುದು ನಮ್ಮ ಊರಿನ ಪದ್ಧತಿ, ಹೋಯಿತು. ಮೈಕು ಸತ್ತಿತು.

"ಮಳೆ!" ಎಂದು ಮೊದಲು ಎದ್ದವನು ಸಂಘದ ಕಾರ್ಯದರ್ಶಿ ರಂಗನಾಥನೇ. ಅವನ ಹಿಂದೆ ಇಡೀ ಸಭೆ ಎದ್ದು ವರಾಂಡಕ್ಕೆ ನುಗ್ಗಿತು. ಕೈಗೊಂದು ಫೋನು, ಬಾಯಿಗೊಂದೇ ಮಾತು, "ನಿಮ್ಮಲ್ಲಿ ಎಷ್ಟು ಸೆಂಟ್ಸ್?" ಇಲ್ಲಿ ಇಂಚಿಗೆ ನೂರು ಸೆಂಟ್ಸ್ ಲೆಕ್ಕದಲ್ಲಿ ಮಳೆ ಅಳೆಯುತ್ತಾರೆ. ಮುತ್ತಮ್ಮನೂ ಸೌದೆ ಹೊರಗಿದೆ ಎಂದು ಬಾಗಿಲಿಗೆ ಓಡಿದಳು. ಹೋಗಲಿ, ರಾಜಕುಮಾರಿಯಾದರೂ ನಿಲ್ಲಬೇಡವೇ? "ಅಯ್ಯಯ್ಯೋ, ಕಣದಲ್ಲಿ ಮೆಣಸು ಒಣಗ್ಹಾಕಿದೀನಿ!" ಎಂದು ಸೀರೆ ಎತ್ತಿಕೊಂಡು ರಂಗದಿಂದಲೇ ಹಾರಿದಳು, ಅತ್ತೆಗೆ ಫೋನು ಮಾಡಿ ಟಾರ್ಪಾಲು ಮುಚ್ಚಿಸಲು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ನಾನು ಪಕ್ಕದ ಪರದೆಯಿಂದ ಕಿರುಚಿಕೊಂಡೆ. ಒಂದು ನರಪಿಳ್ಳೆಯೂ ತಿರುಗಿ ನೋಡಲಿಲ್ಲ.

ರಂಗದ ಮೇಲೆ ಶೇಷಪ್ಪ, ಕೆಳಗೆ ಅರುಣಾ. ಇಬ್ಬರೇ.

"ಕೂಗು ಮಾರಾಯ! ನಿನ್ನ ಗಂಟಲು ತೆಗಿ, ಎಲ್ರೂ ವಾಪಸ್ ಬರ್ತಾರೆ!" ಎಂದು ನಾನು ಕೈಸನ್ನೆ ಮಾಡಿ ಹೇಳಿದೆ. ಅವನು ನನ್ನ ಕಡೆ ನೋಡಿ ಇಲ್ಲವೆಂದು ತಲೆಯಾಡಿಸಿದ. ಕಿರೀಟ ತೆಗೆದು ಸಿಂಹಾಸನದ ಮೇಲಿಟ್ಟ. ರಂಗದ ಅಂಚಿಗೆ ಬಂದು ಕಾಲು ಇಳಿಬಿಟ್ಟು ಕೂತ. ಅರುಣಾ ಎದ್ದು ಹತ್ತಿರ ಬಂದಳು. ಅವನು ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿದ. ಮಳೆಯ ಸದ್ದಿಗೆ ನನಗೊಂದು ಅಕ್ಷರವೂ ಕೇಳಿಸಲಿಲ್ಲ. ನಾನು ಬರೆದ ಸಾಲಂತೂ ಅದಲ್ಲ, ಅವನ ತುಟಿ ನೋಡಿದರೇ ಗೊತ್ತಾಗುತ್ತಿತ್ತು. ನನಗೆ ಸಿಟ್ಟು ಏರುವ ಮೊದಲೇ ಅರುಣಾ ಅಪ್ಪನ ಮಂಡಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಪರದೆಯ ಹಿಂದೆ ಸರಿದುಕೊಂಡೆ.

ಮಳೆ ಹೊಳವಾದ ಮೇಲೆ ಸಭಿಕ ಮಹಾಶಯರು ಒಳಗೆ ಬಂದರು. "ಎಂಬತ್ತು ಸೆಂಟ್ಸ್ ಟೀಚರ್!" ಎಂದ ರಂಗನಾಥ, ತಾನೇ ಸುರಿಸಿದವನ ಹಾಗೆ. "ಶೇಷಪ್ಪ, ಆ ಸೀನು ಇನ್ನೊಂದ್ಸಲ ಮಾಡು. ನಾವು ನೋಡ್ಲೇ ಇಲ್ಲ."

"ನಂದು ಆಯ್ತು ಗೌಡ್ರೇ" ಎಂದು ಶೇಷಪ್ಪ ಎದ್ದು ಒಳಗೆ ಹೋದ.

ನಾಟಕದ ಕೊನೆಗೆ ಅಶರೀರವಾಣಿಯೂ ಅವನದೇ. ಸ್ಟೂಲು ಹತ್ತಿ ಹರಸಿದ. ಶೀಟಿನ ಮೇಲೆ ನಿಂತಿದ್ದ ನೀರೆಲ್ಲ ಉದುರಿತು ಎಂದು ಜನ ಹೇಳುತ್ತಾರೆ. ಜನ ಏನು ಬೇಕಾದರೂ ಹೇಳುತ್ತಾರೆ.

ಪರದೆ ಮಡಚಲು ಅರುಣಾ ನನ್ನ ಜೊತೆ ಕೈ ಹಾಕಿದಳು. ನನಗೆ ತಡೆಯಲಾಗಲಿಲ್ಲ. "ಏನಂದ್ನೇ ನಿಮ್ಮಪ್ಪ?" ಎಂದು ಕೇಳಿದೆ.

ಅವಳು ಪರದೆಯ ಅಂಚಿಗೆ ಅಂಚು ಸೇರಿಸಿ ಮಡಚಿದಳು. "'ಅವತ್ತು ಬಾಯಿ ಬಿಟ್ಟಿದ್ರೆ ಅಳು ಬಂದ್ಬಿಡ್ತಿತ್ತು ಮಗಾ. ನನ್ನ ಅಳು ಮೂರು ಎಸ್ಟೇಟಿಗೆ ಕೇಳ್ತಿತ್ತು, ನಿಂಗೆ ಅವಮಾನ ಆಗ್ತಿತ್ತು' ಅಂದ್ರು ಟೀಚರ್."

ನಾನು ಪರದೆಯಿಂದಲೇ ಕಣ್ಣು ಒರೆಸಿಕೊಂಡೆ. ಕತ್ತಲಾಗುವ ಹೊತ್ತಿಗೆ ಹೊರಗೆ ಅಳಿಯನ ಜೀಪು ಬಂದು ನಿಂತ ಸದ್ದಾಯಿತು. ಅರುಣಾ ಹೋಗಿ ಹತ್ತಿದಳು. ಈ ಸಲ ಶೇಷಪ್ಪ ಜೀಪಿನ ಮುಂದೆ, ದೀಪದ ಬೆಳಕಿನಲ್ಲೇ ನಿಂತಿದ್ದ. ಮುಖದ ಬಣ್ಣವೆಲ್ಲ ಇಳಿದು ಗಲ್ಲಕ್ಕೆ ಬಂದಿತ್ತು.

"ಹೋಗಿ ಬಾ ಮಗಾ!" ಎಂದು ಕೂಗಿದ. ಕೂಗುತ್ತಲೇ ಗೊಳೋ ಎಂದು ಅತ್ತ. ಇಡೀ ಕೊಟ್ಟಿಗೆಹಾರ ಕೇಳಿಸಿಕೊಂಡಿತು.